ಓದುಗರ ಪ್ರಶ್ನೆ: ‘ದು ನಾದ’ ಮಳೆ ಶುರುವಾಯಿತು

ಪ್ರಶ್ನೆ: ಸರ್, ಸಾವೊ ಪೌಲೊಗೆ ಬಂದು ವರ್ಷವಾಗುತ್ತಾ ಬಂತು. ಪೋರ್ಚುಗೀಸ್ ಅಲ್ಪಸ್ವಲ್ಪ ಬರುತ್ತದೆ. ಆದರೆ ‘ಇದ್ದಕ್ಕಿದ್ದ ಹಾಗೆ ಮಳೆ ಬಂತು’, ‘ರಾತ್ರೋರಾತ್ರಿ ಬೆಲೆ ಏರಿತು’ ಅಂತ ಹೇಳಲು ಹೋದರೆ ಪುಸ್ತಕ ಓದಿದ ಹಾಗೆ ಕೇಳಿಸುತ್ತದೆ. ಪಕ್ಕದ ಮನೆಯವರ ಹಾಗೆ ಮಾತಾಡಲು ಏನು ಕಲಿಯಬೇಕು?
– ಗೃಹಿಣಿ, ಸಾವೊ ಪೌಲೊ

ಉತ್ತರ: ಮೊದಲು ‘ದು ನಾದ’ ಕಲಿಯಿರಿ, ‘ಇದ್ದಕ್ಕಿದ್ದ ಹಾಗೆ’ ಅಂತ ಅರ್ಥ. ಸುಮ್ನೆ ಕೂತವನು ಸಿಟ್ಟಾದ, ಫೋನ್ ಆಫ್ ಆಯಿತು, ಯಾರೋ ಕೆಲಸ ಬಿಟ್ಟರು, ಎಲ್ಲಕ್ಕೂ ಇದು ನಡೆಯುತ್ತದೆ. ‘ಜಿ ಹೆಪೆಂಚಿ’ ಕೂಡ ಅದೇ ಅರ್ಥದ್ದು. ಬರೆಯುವಾಗ ಅಲ್ಲಿ ರ ಇದೆ, ಆದರೆ ಪದದ ಮೊದಲಲ್ಲಿ ಬರುವ ರ ಬ್ರೆಜಿಲ್‌ನವರ ಬಾಯಲ್ಲಿ ಹ ಆಗುತ್ತದೆ. ನಮ್ಮ ‘ರಾತ್ರೋರಾತ್ರಿ’ಗೆ ‘ದ ನೊಯ್ಚಿ ಪಾರ ಉ ಜೀಯ’. ಬೆಲೆ ಏರಿದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ, ಮಳೆಗೆ ಬೇಡ.

ಇಷ್ಟನ್ನೇ ಬಾಯಿಪಾಠ ಮಾಡಿದರೆ ಸಾಲದು, ಕ್ರಿಯಾಪದ ಸರಿ ಇರಬೇಕು. “ಎಉ ಇಸ್ತಾವ ನ ಹೂಅ, ದು ನಾದ ಕೊಮೆಸೋ ಅ ಶೊವೇರ್.” ನಾನು ಬೀದಿಯಲ್ಲಿದ್ದೆ, ಇದ್ದಕ್ಕಿದ್ದ ಹಾಗೆ ಮಳೆ ಶುರುವಾಯಿತು. ‘ಇಸ್ತಾವ’ ಅನ್ನುವುದು ಇದ್ದ ಸ್ಥಿತಿ, ‘ಕೊಮೆಸೋ’ ಅನ್ನುವುದು ಥಟ್ಟನೆ ಆಗಿಹೋದದ್ದು. ಅದರ ಬದಲು ‘ಕೊಮೆಸಾವ’ ಅಂದರೆ ‘ಶುರುವಾಗುತ್ತಿತ್ತು’ ಅಂತಾಗುತ್ತದೆ. ಕನ್ನಡದಲ್ಲೂ ‘ಇದ್ದಕ್ಕಿದ್ದ ಹಾಗೆ ಶುರುವಾಗುತ್ತಿತ್ತು’ ಅಂದರೆ ಒಂದು ಸಲದ ಮಳೆಯ ಮಾತು ಅನಿಸುವುದಿಲ್ಲ ಅಲ್ವಾ?

ಇನ್ನೆರಡು ಕ್ರಿಯಾಪದ ತುಂಬಾ ಜಾಸ್ತಿ ಕೇಳುತ್ತೀರಿ. ಗುಣ ಅಥವಾ ಸ್ಥಿತಿ ಬದಲಾದರೆ ‘ಫಿಕೋ’: ‘ಫಿಕೋ ಬ್ರಾವು’ ಅಂದರೆ ಸಿಟ್ಟಾದ, ‘ಫಿಕೋ ದೊಯೆಂಚಿ’ ಅಂದರೆ ಕಾಯಿಲೆ ಬಿದ್ದ. ಒಂದು ಇನ್ನೊಂದೇ ಆಗಿಬಿಟ್ಟರೆ ‘ವಿರೋ’. ಅಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೇಸಿಗೆ, ಮಧ್ಯಾಹ್ನದ ಮೇಲೆ ಗುಡುಗು ಸಮೇತ ಸುರಿಯುವುದನ್ನು ನೀವೂ ನೋಡಿರುತ್ತೀರಿ. ಆಗ “ಅ ಹೂಅ ವಿರೋ ಹೀಉ” ಅನ್ನಿ, ಬೀದಿ ಹೊಳೆಯಾಯಿತು ಅಂತ. ‘ಉ ತೆಂಪು ಫೆಶೋ’ ಅಂದರೆ ಮೋಡ ಕವಿಯಿತು, ಎಲ್ಲೋ ಜಗಳ ಹತ್ತಿಕೊಂಡರೂ ಇದೇ ಮಾತು.

‘ಆಗುವುದು’ ಅನ್ನಲು ನೀವು ಬಹುಶಃ ‘ತೊರ್ನಾರ್-ಸಿ’ ಕಲಿತಿದ್ದೀರಿ. ತಪ್ಪಲ್ಲ, ಆದರೆ ಅದು ಹೆಚ್ಚಾಗಿ ಬರವಣಿಗೆಯಲ್ಲಿ ಬರುವಂಥದ್ದು. ಮಾತಾಡುವಾಗ ಅದನ್ನು ಬಿಟ್ಟು ಮೇಲಿನ ಎರಡನ್ನು ಬಳಸಿ, ಪುಸ್ತಕದ ವಾಸನೆ ಅರ್ಧಕ್ಕರ್ಧ ಹೋಗುತ್ತದೆ.

ಪ್ರಶ್ನೆ: ‘ಜಿ ಹೆಪೆಂಚಿ’ ಅಂದರೆ ಹಠಾತ್ತನೆ ಅಂತ ಕಲಿತೆ. ಆದರೆ ಬ್ರೆಜಿಲ್‌ನ ಸಹೋದ್ಯೋಗಿ ನಾಳಿನ ಮೀಟಿಂಗ್ ಬಗ್ಗೆ ಕೇಳಿದಾಗ “ಜಿ ಹೆಪೆಂಚಿ ಬರುತ್ತೇನೆ” ಅನ್ನುವ ಅರ್ಥದಲ್ಲಿ ಹೇಳಿದರು. ಇದೇನು?
– ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಬ್ರೆಜಿಲ್‌ನ ಆಡುಮಾತಿನಲ್ಲಿ ಅದಕ್ಕೆ ‘ಬಹುಶಃ’ ಅಂತಲೂ ಅರ್ಥವಿದೆ. ನಡೆದುಹೋದ ಸಂಗತಿಯ ಜೊತೆ ಬಂದರೆ ಸಾಮಾನ್ಯವಾಗಿ ಹಠಾತ್ತನೆ, ಮುಂದೆ ಆಗಬಹುದಾದದ್ದರ ಜೊತೆ ಬಂದರೆ ‘ನೋಡೋಣ, ಬಂದರೂ ಬಂದೆ’ ಅನ್ನುವ ಧಾಟಿ. ಪೋರ್ಚುಗಲ್‌ನವರು ಇದಕ್ಕೆ ‘ಸ ಕಲ್ಯಾರ್’ ಅನ್ನುತ್ತಾರೆ. ನಿಮ್ಮ ಸಹೋದ್ಯೋಗಿ ಬರುವುದು ಇನ್ನೂ ಖಾತ್ರಿಯಿಲ್ಲ, ಮೀಟಿಂಗ್‌ಗೆ ಮುಂಚೆ ಇನ್ನೊಮ್ಮೆ ಕೇಳಿಬಿಡಿ.