ಡಾಕ್ಟರ್ ಬದಲು ಅಸಿಸ್ಟೆಂಟ್ ಹಲ್ಲು ಕ್ಲೀನ್ ಮಾಡಬಹುದಾ?

ಮಂಗಳೂರಿನ ಕ್ಲಿನಿಕ್ ಒಂದರಲ್ಲಿ ಡಾಕ್ಟರ್ ಮುಖ ತೋರಿಸಲೇ ಇಲ್ಲ, ಅಸಿಸ್ಟೆಂಟ್ ಹುಡುಗಿಯೇ ನಿಮ್ಮ ಅಮ್ಮನ ಹಲ್ಲು ಕ್ಲೀನ್ ಮಾಡಿ ಕಳಿಸಿದಳು ಅಂತ ಬರೆದಿದ್ದೀರಿ. ಅಮೆರಿಕದಲ್ಲಿರುವ ಅಕ್ಕ ‘ಇಲ್ಲೆಲ್ಲ ಇದು ಮಾಮೂಲಿ’ ಅಂದರಂತೆ. ಹಾಗಿದ್ದರೆ ನಮ್ಮಲ್ಲೂ ಬಿಡಬಹುದಲ್ವಾ ಅನ್ನೋದು ನಿಮ್ಮ ಪ್ರಶ್ನೆ. ನಾನು ಉಡುಪಿಯಲ್ಲಿ ಸಣ್ಣದೊಂದು ಡೆಂಟಲ್ ಕ್ಲಿನಿಕ್ ನಡೆಸುತ್ತೇನೆ. ಕೆಲವು ಕೆಲಸ ಅಸಿಸ್ಟೆಂಟ್‌ಗೆ ಬಿಡಬೇಕು ಅನ್ನೋ ಕಡೆಯವನೇ ನಾನು. ಆದರೆ ನಿಮ್ಮ ಅಮ್ಮನಿಗೆ ಮಾಡಿದ ಹಾಗಲ್ಲ.

ನಿಮ್ಮ ಅಕ್ಕನ ಹಲ್ಲು ಕ್ಲೀನ್ ಮಾಡಿದವರು ಬಹುಶಃ ಹೈಜೀನಿಸ್ಟ್. ಅದನ್ನೇ ಓದಿ, ಲೈಸೆನ್ಸ್ ಪಡೆದವರು. ಅಸಿಸ್ಟೆಂಟ್ ಬೇರೆ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಕಾನ್ಸಸ್‌ನಲ್ಲಿ ತರಬೇತಾದ ಅಸಿಸ್ಟೆಂಟ್ ವಸಡಿನಿಂದ ಮೇಲೆ ಕಾಣುವಷ್ಟು ಭಾಗ ಸ್ಕೇಲಿಂಗ್ (ಹಲ್ಲಿಗೆ ಗಟ್ಟಿಯಾಗಿ ಅಂಟಿದ ಪಾಚಿ ಕೆರೆದು ತೆಗೆಯೋದು) ಮಾಡಬಹುದು, ಹೆಚ್ಚಿನ ರಾಜ್ಯಗಳಲ್ಲಿ ಅಷ್ಟೂ ಇಲ್ಲ. ಎಕ್ಸ್‌ರೇ, ಹಲ್ಲಿನ ಅಳತೆ (ಅಚ್ಚು), ಪಾಲಿಶ್ ಅಸಿಸ್ಟೆಂಟ್‌ಗೆ ಬಿಡುತ್ತಾರೆ. ಕೆಲವು ಕಡೆ ಹೆಚ್ಚಿನ ತರಬೇತಿ ಇದ್ದವರಿಗೆ, ಡಾಕ್ಟರ್ ಕೊರೆದ ಹಲ್ಲಿಗೆ ಫಿಲ್ಲಿಂಗ್ ತುಂಬೋದನ್ನೂ ಬಿಡುತ್ತಾರೆ. ಹೊಣೆ ಮಾತ್ರ ಡಾಕ್ಟರದ್ದೇ. ನ್ಯೂಜಿಲೆಂಡ್ ಅಂತೂ 1921ರಲ್ಲೇ ಶಾಲಾ ಮಕ್ಕಳ ಹಲ್ಲು ನೋಡಲು ನರ್ಸ್‌ಗಳಿಗೆ ತರಬೇತಿ ಶುರು ಮಾಡಿತ್ತು. ಕೊರೆಯೋದೂ ಅವರೇ, ತುಂಬೋದೂ ಅವರೇ.

ನಮ್ಮ 1948ರ ದಂತವೈದ್ಯರ ಕಾಯ್ದೆಯಲ್ಲೂ ಹಲ್ಲು ಕ್ಲೀನ್ ಮಾಡುವ ಹೈಜೀನಿಸ್ಟ್‌ಗೆ, ಹಲ್ಲಿನ ಸೆಟ್ ಮಾಡುವ ಮೆಕ್ಯಾನಿಕ್‌ಗೆ ಜಾಗ ಇತ್ತು, ನೋಂದಣಿಯೂ ಇತ್ತು. ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿ, ನೋಡಿ ಕಲಿತ ಹುಡುಗಿ ಆ ಲೆಕ್ಕಕ್ಕೆ ಬರೋದಿಲ್ಲ. ಇನ್ನು ನಮ್ಮೂರಲ್ಲಿ ಡಾಕ್ಟರುಗಳಿಗೇನು ಬರವೇ? ಮಣಿಪಾಲದಲ್ಲಿ 1965ರಿಂದ ಡೆಂಟಲ್ ಕಾಲೇಜಿದೆ, ಮಂಗಳೂರು ಪಕ್ಕದ ದೇರಳಕಟ್ಟೆ ಒಂದರಲ್ಲೇ ಎರಡಿವೆ. ಹೊಸ ಬಿಡಿಎಸ್‌ಗಳು ಕಡಿಮೆ ಸಂಬಳಕ್ಕೂ ಸಿಗುವಾಗ ಅಸಿಸ್ಟೆಂಟ್‌ಗೆ ಸರಿಯಾಗಿ ಕಲಿಸುವ ಗೋಜಿಗೆ ಯಾರು ಹೋಗುತ್ತಾರೆ?

ನನ್ನ ಅಳತೆಗೋಲು ಸರಳ. ತಪ್ಪಾದರೆ ಮತ್ತೆ ಮಾಡಬಹುದಾದ ಕೆಲಸ, ನಾನು ನೋಡಿದ ಕೂಡಲೇ ತಪ್ಪು ಗೊತ್ತಾಗುವ ಕೆಲಸ ಕೊಡಬಹುದು. ಹಲ್ಲಿನ ಅಳತೆ ತೆಗೆಯೋದನ್ನೇ ನೋಡಿ. ಪುಡಿಗೆ ನೀರು ಹಾಕಿ ಕಲಸಿ, ಟ್ರೇಗೆ ತುಂಬಿ ಬಾಯಿಗೆ ಇಡಬೇಕು. ಏಪ್ರಿಲ್ ಸೆಕೆಗೆ ನಲ್ಲಿ ನೀರೇ ಬಿಸಿ ಇರುತ್ತೆ, ಟ್ರೇ ಬಾಯಿಗೆ ಹೋಗುವ ಮೊದಲೇ ಗಟ್ಟಿಯಾಗುತ್ತೆ. ನಮ್ಮ ಕ್ಲಿನಿಕ್ಕಿನ ಅಸಿಸ್ಟೆಂಟ್ ಅಕ್ಕ ಫ್ರಿಜ್‌ನ ನೀರು ಬೆರೆಸಿಕೊಳ್ಳುತ್ತಾರೆ. ವಾಂತಿ ಬಂದ ಹಾಗಾಗುವವರಿಗೆ ತಲೆ ಮುಂದಕ್ಕೆ ಬಗ್ಗಿಸಿ, ಮೂಗಲ್ಲಿ ಉಸಿರಾಡಿ ಅನ್ನುತ್ತಾರೆ. ಈ ಕೆಲಸದಲ್ಲಿ ನನಗಿಂತ ಅವರ ಕೈ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಅಂಚು ಸರಿ ಬಂದಿಲ್ಲ ಅಂದರೆ ಇನ್ನೊಂದು ಸಲ ತೆಗೆದರಾಯಿತು.

ಸ್ಕೇಲಿಂಗ್ ಹಾಗಲ್ಲ. ಯಂತ್ರದ ತುದಿಯನ್ನು ಹಲ್ಲಿಗೆ ಓರೆಯಾಗಿ ಹಿಡಿಯಬೇಕು. ಮೊನೆ ನೇರ ಚುಚ್ಚಿದರೆ ಹಲ್ಲಿಗೆ ಗೀರು ಬೀಳುತ್ತೆ, ನೀರು ಸರಿಯಾಗಿ ಬೀಳದಿದ್ದರೆ ಹಲ್ಲು ಬಿಸಿಯಾಗುತ್ತೆ. ಎಲೆಅಡಿಕೆ ಹಾಕುವವರ ಬಾಯಲ್ಲಂತೂ ಕಪ್ಪು ಕಲೆ ಹೋಗಲಿ ಅಂತ ಒಂದೇ ಕಡೆ ಒತ್ತುವ ಆಸೆ ಜಾಸ್ತಿ. ವಸಡಿನ ಒಳಗೆ ಏನು ಉಳಿಯಿತು ಅಂತ ಹೊರಗಿನಿಂದ ಕಾಣೋದೂ ಇಲ್ಲ. ಪೇಷಂಟ್‌ಗೆ ರಕ್ತ ತೆಳುವಾಗುವ ಮಾತ್ರೆ ಇದೆಯಾ, ಶುಗರ್ ಎಷ್ಟಿದೆ ಅಂತ ಮೊದಲೇ ಕೇಳಬೇಕು. ನಿಮ್ಮ ಅಮ್ಮನಿಗೆ ಇದನ್ನು ಯಾರಾದರೂ ಕೇಳಿದರಾ? ನನಗೆ ಜಾಸ್ತಿ ಚಿಂತೆ ಇರೋದು ಅದರ ಬಗ್ಗೆಯೇ.

ಜೋಮು ಹಿಡಿಸುವ ಇಂಜೆಕ್ಷನ್, ಹಲ್ಲು ಕೀಳೋದು, ಕೊರೆಯೋದು, ಔಷಧಿ ಬರೆಯೋದು ಅಸಿಸ್ಟೆಂಟ್ ಕೈಗೆ ಕೊಡುವ ಮಾತೇ ಇಲ್ಲ.

ಆ ಹುಡುಗಿ ಮೇಲೆ ರೇಗಬೇಡಿ, ಹೇಳಿದ್ದನ್ನು ಮಾಡಿರುತ್ತಾಳೆ ಅಷ್ಟೇ. ಅದೇ ಕ್ಲಿನಿಕ್ಕಿಗೆ ಇನ್ನೊಮ್ಮೆ ಹೋದರೆ, ಡಾಕ್ಟರೇ ಬಂದು ಬಾಯಿ ನೋಡುವವರೆಗೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಬೇಡಿ. ಮುಗಿದ ಮೇಲೂ ಅವರೇ ನೋಡಲಿ. ‘ಪುರುಸೊತ್ತಿಲ್ಲ’ ಅಂದರೆ ಬೇರೆ ಕಡೆ ಹೋಗಿ. ಕ್ಲಿನಿಕ್‌ಗಳಿಗೇನೂ ನಮ್ಮಲ್ಲಿ ಕಮ್ಮಿ ಇಲ್ಲ.