ಬೀರು ಖಾಲಿ ಮಾಡುವ ಮುನ್ನ

ಮಾನ್ಯರೇ,

ನಿಮ್ಮ ನಾಲ್ಕು ಪುಟದ ಕಾಗದವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ತಲೆಬುಡ ತಿಳಿಯಬೇಕಲ್ಲ, ಅದಕ್ಕೆ ಚುಟುಕಾಗಿ ಹೇಳಿಬಿಡುತ್ತೇನೆ. ದೊಡ್ಡ ಮನೆಯಿಂದ ಸಣ್ಣ ಮನೆಗೆ ಹೋಗುತ್ತಿದ್ದೀರಿ. ಎರಡು ಬೀರು ತುಂಬ ಪುಸ್ತಕ, ಡಿ.ವಿ.ಡಿ., 260 ಕ್ಯಾಸೆಟ್ಟು, 200 ಚಿಲ್ಲರೆ ಸಿ.ಡಿ.; ಅದರ ಮೇಲೆ ಎಂಟು ಫೋಟೋ ಆಲ್ಬಂ. "ಎಲ್ಲವನ್ನೂ ಅಂಗೈಯಗಲದ ಹಾರ್ಡ್ ಡಿಸ್ಕಿಗೆ ಹಾಕಿಕೊಡ್ತೀನಮ್ಮ, ಒಂದು ಭಾನುವಾರದ ಕೆಲಸ. ಆಮೇಲೆ ಗುಜರಿಗೆ ಕೊಟ್ಟುಬಿಡೋಣ" ಅನ್ನುತ್ತಾನೆ ಮಗ. "ಅಷ್ಟು ಕಷ್ಟವಾದರೂ ಯಾಕತ್ತೆ, ಎಲ್ಲ ಫೋನಲ್ಲೇ ಸಿಗುತ್ತಲ್ಲ" ಅನ್ನುತ್ತಾಳೆ ಸೊಸೆ. "ನನ್ನದು ಹಟವೋ ವಿವೇಕವೋ ನೀವೇ ಹೇಳಿ" ಎಂದು ನೀವು ಪಂಚಾಯ್ತಿಯನ್ನು ನನ್ನ ತಲೆಗೆ ಕಟ್ಟಿದ್ದೀರಿ.

ಇಡೀ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಹಿ ಹಾಕಿದ ಮೇಲೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದ ಸಾಲು: "ಒಂದು ಕ್ಯಾಸೆಟ್ಟಿನಲ್ಲಿ ನಮ್ಮ ತಂದೆಯವರ ದನಿ ಇದೆ. ಯಾವುದು ಅಂತ ಗೊತ್ತಿಲ್ಲ." ಇದನ್ನು ಮೊದಲ ಸಾಲಾಗಿ ಬರೆಯಬೇಕಿತ್ತು ನೀವು.

ನೀವು ಮೂವರೂ ವಾದ ಮಾಡುತ್ತಿರುವುದು ಯಾವ ರೂಪದಲ್ಲಿ ಇಡಬೇಕು ಅನ್ನುವುದನ್ನು. ನಾನು ಒಂದೊಂದು ವಸ್ತುವನ್ನೂ ಕೈಗೆ ತೆಗೆದುಕೊಂಡು, ಇದು ಹೋದರೆ ಮತ್ತೆ ಎಲ್ಲಿಂದಾದರೂ ಸಿಕ್ಕೀತೇ ಎಂದು ಕೇಳುತ್ತೇನೆ. ಸಿಗುವಂಥದ್ದಾದರೆ ಹೇಗೆ ಇಟ್ಟರೂ ನಡೆಯುತ್ತದೆ, ಇಡದಿದ್ದರೂ ನಡೆಯುತ್ತದೆ. ಸಿಗದೇ ಇರುವಂಥದ್ದಾದರೆ ಪ್ರತಿಯೂ ಬೇಕು, ಮೂಲವೂ ಬೇಕು. ನಿಮ್ಮ ಎರಡು ಬೀರುಗಳಲ್ಲಿ ಈ ಎರಡನೇ ಜಾತಿಯದು ಒಂದು ಟ್ರಂಕು ತುಂಬಿದರೆ ಹೆಚ್ಚು.

ಮೊದಲು ಸೊಸೆಯ ಮಾತು. ಸಿಗುತ್ತದೆ, ನಿಜ, ಇವತ್ತು ಸಿಗುತ್ತದೆ. ಚಂದಾ ಕಟ್ಟಿ ಕೇಳುವ ಹಾಡು, ನೋಡುವ ಸಿನಿಮಾ ಆ ಕಂಪನಿಗೂ ಹಕ್ಕುದಾರರಿಗೂ ಒಪ್ಪಂದ ಇರುವಷ್ಟು ದಿನ ಅಲ್ಲಿರುತ್ತದೆ, ಮುಗಿದ ದಿನ ಸದ್ದಿಲ್ಲದೆ ಪಟ್ಟಿಯಿಂದ ಇಳಿಯುತ್ತದೆ. ಅದಕ್ಕೆ ತಕರಾರು ಮಾಡುವಂತಿಲ್ಲ. ಬಾಡಿಗೆ ಮನೆ ಅಂತ ಗೊತ್ತಿದ್ದೇ ಹೊಕ್ಕಿದ್ದೇವೆ. ತಕರಾರು ಇರುವುದು "ಕೊಳ್ಳಿ" ಎಂದು ಬರೆದ ಗುಂಡಿಯ ಮೇಲೆ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ಕಿಂಡಲ್ ಎಂಬ ತನ್ನ ಇ-ಪುಸ್ತಕದ ಸಾಧನದ ಓದುಗರು ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್ಲನ '1984' ಕಾದಂಬರಿಯನ್ನು ಅವರ ಸಾಧನದೊಳಗಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕೇ ಇರಲಿಲ್ಲವಂತೆ. ಹಣ ವಾಪಸು ಬಂತು, ಕಂಪನಿಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಆದರೆ ಒಬ್ಬ ವಿದ್ಯಾರ್ಥಿ ಆ ಪುಸ್ತಕಕ್ಕೆಂದು ಹಾಕಿಕೊಂಡಿದ್ದ ಟಿಪ್ಪಣಿಗಳು ಯಾವ ಸಾಲಿಗೆ ಸೇರಿದ್ದೆಂದು ತಿಳಿಯದೆ ಗಾಳಿಯಲ್ಲಿ ನೇತಾಡಿದವು. ಅಂಗಡಿಯವನು ರಾತ್ರಿ ಮನೆಗೆ ನುಗ್ಗಿ, ಕಪಾಟಿನಿಂದ ಪುಸ್ತಕ ತೆಗೆದುಕೊಂಡು, ದುಡ್ಡು ಮೇಜಿನ ಮೇಲಿಟ್ಟು ಹೋದ ಹಾಗೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗಲೂ ಅಷ್ಟೇ. ಹಣ ಮರಳಿತು, ಪುಸ್ತಕಗಳು ಮಾಯವಾದವು. ಕೊನೆಗೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೊಂದು ಕಾನೂನನ್ನೇ ಮಾಡಿತು: 2025ರ ಜನವರಿಯಿಂದ, ಮಾರುತ್ತಿರುವುದು ಬರೀ ಬಳಕೆಯ ಪರವಾನಗಿಯಾಗಿದ್ದರೆ ಅದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು. ಪುಸ್ತಕವನ್ನು ವಾಪಸು ಕೊಡಿಸುವ ಕಾನೂನು ಅದಲ್ಲ. ಹೇಳಿ ಮಾರಿ ಎನ್ನುತ್ತದೆ, ಅಷ್ಟೇ.

ಹಾಗಂತ ಬೀರಿನಲ್ಲಿರುವುದೆಲ್ಲ ಚಿರಂಜೀವಿ ಎಂದುಕೊಳ್ಳಬೇಡಿ. ಅಂಗಡಿಯಿಂದ ತಂದ ಸಿ.ಡಿ.ಯಲ್ಲಿ ಹಾಡು ಪ್ಲಾಸ್ಟಿಕ್ಕಿನ ಮೇಲೆ ಅಚ್ಚೊತ್ತಿದ ಸಣ್ಣ ಸಣ್ಣ ಗುಳಿಗಳ ರೂಪದಲ್ಲಿರುತ್ತದೆ, ಅದಕ್ಕೆ ಅಲ್ಯೂಮಿನಿಯಮ್ಮಿನ ತೆಳುಪದರ. ಅದು ಗಟ್ಟಿ, ನೆಟ್ಟಗೆ ಇಟ್ಟರೆ ದಶಕಗಟ್ಟಲೆ ಬಾಳುತ್ತದೆ. ನಾವೆಲ್ಲ ಹೊಳೆಯುವ ಬದಿಗೆ ಗೀರು ಬಿದ್ದೀತೆಂದು ಹೆದರಿ ಅದನ್ನು ಮೇಲೆ ಮಾಡಿ ಇಡುತ್ತೇವೆ. ನಿಜಕ್ಕೂ ನಾಜೂಕಾಗಿರುವುದು ಹೆಸರು ಅಚ್ಚಾಗಿರುವ ಬದಿ: ಗುಳಿಗಳು ಇರುವುದು ಆ ಲೇಬಲಿನ ಕೆಳಗೆ, ನಡುವೆ ಒಂದು ಕೋಟು ವಾರ್ನಿಷ್ ಬಿಟ್ಟರೆ ಏನೂ ಇಲ್ಲ. ಮನೆಯಲ್ಲಿ ಬರೆದುಕೊಂಡ ಸಿ.ಡಿ.ಗಳ ಜಾತಕವೇ ಬೇರೆ. ಅವುಗಳಲ್ಲಿ ಒಂದು ಪದರ ಬಣ್ಣವಿರುತ್ತದೆ, ಲೇಸರ್ ಅದನ್ನು ಸುಟ್ಟು ಗುರುತು ಮಾಡಿರುತ್ತದೆ. ಆ ಬಣ್ಣ ಬಿಸಿಲಿಗೆ, ಬಿಸಿಗೆ ಮಾಸುತ್ತದೆ.

ಇದನ್ನು ನಾನು ದುಬಾರಿಯಾಗಿ ಕಲಿತೆ. 2005ರ ಸುಮಾರಿಗೆ ಮನೆಯ ಫೋಟೋಗಳನ್ನೆಲ್ಲ ಸಿ.ಡಿ.ಗೆ ಬರೆದು, ಮಾರ್ಕರ್ ಪೆನ್ನಿನಲ್ಲಿ ದಿನಾಂಕ ಹಾಕಿ, ಜಿಪ್ಪಿನ ಚೀಲದಲ್ಲಿ ಸಾಲಾಗಿ ಜೋಡಿಸಿ, ಕಂಪ್ಯೂಟರಿನಿಂದ ಅಳಿಸಿ, ಬುದ್ಧಿವಂತನೆಂದು ಬೀಗಿದ್ದೆ. ಒಂಬತ್ತು ವರ್ಷದ ಮೇಲೆ ತೆಗೆದು ಹಾಕಿದರೆ ನಲವತ್ತರಲ್ಲಿ ಹನ್ನೊಂದು ಓದಲೇ ಇಲ್ಲ. ಡ್ರೈವು ಗರಗರ ಸುತ್ತುತ್ತದೆ, ನಿಲ್ಲುತ್ತದೆ, ಮತ್ತೆ ಸುತ್ತುತ್ತದೆ. ನೋಡಲು ಹೊಸದರ ಹಾಗೇ ಇವೆ, ಒಂದು ಗೀರಿಲ್ಲ. ಅದೇ ವರ್ಷಗಳಲ್ಲಿ ನನ್ನಾಕೆ ನನ್ನ ಮಾತು ಕೇಳದೆ ಪ್ರಿಂಟು ಹಾಕಿಸಿಟ್ಟಿದ್ದ ಐವತ್ತೋ ಅರವತ್ತೋ ಫೋಟೋ ಮಾತ್ರ ಉಳಿದವು. ಈ ವಿಷಯ ನಮ್ಮ ಮನೆಯಲ್ಲಿ ಈಗಲೂ ವರ್ಷಕ್ಕೆರಡು ಸಲ ಬರುತ್ತದೆ.

ಕಾಗದ ಹಳದಿಯಾಗುತ್ತದೆ, ಫೋಟೋದ ಬಣ್ಣ ಮಾಸುತ್ತದೆ, ಟೇಪು ಕೊಂಚ ಗೊಗ್ಗರಾಗುತ್ತದೆ. ಹಾಳಾಗುತ್ತಿದೆ ಅಂತ ಕಣ್ಣಿಗೆ ಕಿವಿಗೆ ಗೊತ್ತಾಗುತ್ತದೆ, ಏನಾದರೂ ಮಾಡಲು ಸಮಯವಿರುತ್ತದೆ. ಫೈಲು ನಿನ್ನೆಯವರೆಗೆ ಪೂರ್ತಿ ಇರುತ್ತದೆ, ಇವತ್ತು ತೆರೆಯುವುದೇ ಇಲ್ಲ. ನಮ್ಮ ಕಚೇರಿಯದೇ ಉದಾಹರಣೆ ಬೇಕಾದರೆ, ಹಳೆಯ ಸಂಚಿಕೆಗಳ ಪುಟವಿನ್ಯಾಸದ ಫೈಲುಗಳು ಒಂದಕ್ಷರ ಕಳೆಯದೆ ಇವೆ. ಆದರೆ ಅವೆಲ್ಲ ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ, ಬರುವ ಮೊದಲಿನ ಫಾಂಟುಗಳಲ್ಲಿ ಅಚ್ಚು ಜೋಡಿಸಿದವು. ಇವತ್ತಿನ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ, ಕೊಂಬು, ಚುಕ್ಕೆ, ಗೀಟುಗಳ ಸಂತೆ. ಪರಿವರ್ತಕಕ್ಕೆ ಹಾಕಿ ತೆಗೆದರೂ ಒತ್ತಕ್ಷರಗಳಲ್ಲಿ ಎಡವುತ್ತದೆ, ಕೂತು ತಿದ್ದಬೇಕು. ಪಕ್ಕದ ಕಪಾಟಿನಲ್ಲಿ ಅದೇ ಸಂಚಿಕೆಗಳ ಬೈಂಡು ಇದೆ. ದೂಳು ಕೊಡವಿದರೆ ಓದಬಹುದು.

ಇಂಗ್ಲೆಂಡಿನಲ್ಲಿ ಇದರ ದೊಡ್ಡ ಆವೃತ್ತಿಯೊಂದು ನಡೆದಿದೆ. 1086ರಲ್ಲಿ ಅಲ್ಲಿನ ದೊರೆ ನಾಡಿನ ಜಮೀನು, ಆಸ್ತಿಯ ಲೆಕ್ಕ ಬರೆಸಿದ ಚರ್ಮದ ಹಾಳೆಗಳ ಪುಸ್ತಕ ಇವತ್ತಿಗೂ ಇದೆ, ಓದಬಹುದು. ಅದರ 900ನೇ ವರ್ಷಕ್ಕೆಂದು 1986ರಲ್ಲಿ ಬಿಬಿಸಿ ಇಡೀ ದೇಶದ ಹೊಸ ವಿವರ ಸಂಗ್ರಹಿಸಿ ಲೇಸರ್ ಡಿಸ್ಕಿನಲ್ಲಿ ಹಾಕಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರಗಳೇ ಅಪರೂಪವಾಗಿ, ತಂತ್ರಜ್ಞರು ಹೆಣಗಾಡಿ ಹೊರತೆಗೆಯಬೇಕಾಯಿತು. ಇದನ್ನು ಹೇಳುವವರೆಲ್ಲ ಚರ್ಮದ ಹಾಳೆಗೆ ಜೈ ಅನ್ನುತ್ತಾರೆ. ನನಗೆ ಕಾಣುವುದು ಬೇರೆ: ಆ ಹಾಳೆಗಳನ್ನು ಒಂಬತ್ತು ಶತಮಾನ ಒಬ್ಬರಲ್ಲ ಒಬ್ಬರು ಕಾಯುತ್ತಲೇ ಇದ್ದರು. ಡಿಸ್ಕನ್ನು ಮಾಡಿದರು, ಮರೆತರು.

ಹಾರ್ಡ್ ಡಿಸ್ಕೂ ಹಾಗೆಯೇ, ಕಾಯುವವರು ಬೇಕು. ನಿಮ್ಮ ಮಗ ಅದಕ್ಕೆ ಒಪ್ಪುವುದಾದರೆ ಅವನ ದಾರಿ ಸರಿಯಾದದ್ದೇ. ಆದರೆ ಒಂದು ಹಾರ್ಡ್ ಡಿಸ್ಕು ಅಂದರೆ ಏನೂ ಇಲ್ಲ ಎಂದೇ ಲೆಕ್ಕ. ಮೇಜಿನಿಂದ ಒಮ್ಮೆ ಬಿದ್ದರೆ ಮುಗಿಯಿತು. ಈ ಕಸುಬಿನವರು ಮೂರು-ಎರಡು-ಒಂದು ಅನ್ನುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲೊಂದು ಮನೆಯಿಂದ ಹೊರಗೆ. ಹೊರಗಿನದು ಕ್ಲೌಡ್ (ಇಂಟರ್ನೆಟ್ಟಿನ ಮೂಲಕ ಬಳಸುವ ಬೇರೊಬ್ಬರ ಕಂಪ್ಯೂಟರಿನ ಜಾಗ) ಆಗಬಹುದು, ನೆಂಟರ ಮನೆಯ ಡ್ರಾಯರೂ ಆಗಬಹುದು. ಕ್ಲೌಡ್ ಒಂದನ್ನೇ ನಂಬಬೇಡಿ. ಮೈಸ್ಪೇಸ್ ಎಂಬ ತಾಣಕ್ಕೆ ಜನ ಏರಿಸಿದ್ದ ಹಾಡುಗಳಲ್ಲಿ 2015ಕ್ಕೂ ಹಿಂದಿನವೆಲ್ಲ ಸರ್ವರ್ ಬದಲಿಸುವಾಗ ಹೋಗಿಬಿಟ್ಟವು, ಅದು ಸುದ್ದಿಯಾದದ್ದು 2019ರಲ್ಲಿ. ಎಷ್ಟೋ ಕಲಾವಿದರ ಹತ್ತಿರ ಬೇರೆ ಪ್ರತಿಯೇ ಇರಲಿಲ್ಲ. ಪೆನ್ ಡ್ರೈವನ್ನು ಪ್ರತಿ ಎಂದು ಎಣಿಸಲೇಬೇಡಿ, ಅದು ಕೈಚೀಲ. ಸಾಗಿಸುವುದಕ್ಕೆ ಸರಿ, ಕೂಡಿಡುವುದಕ್ಕಲ್ಲ. ವರ್ಷಕ್ಕೊಂದು ದಿನ ಗೊತ್ತುಮಾಡಿಕೊಂಡು ಎಲ್ಲ ಡಿಸ್ಕುಗಳನ್ನೂ ತೆರೆದು ಅಲ್ಲೊಂದು ಇಲ್ಲೊಂದು ಫೈಲು ಹಾಕಿ ನೋಡಬೇಕು, ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ದಾಟಿಸಬೇಕು. ಯಾರು ಮಾಡುತ್ತೀರಿ ಎಂದು ಈಗಲೇ ಕೇಳಿ. ಉತ್ತರ ತಡವಾದರೆ ಗುಜರಿಯವನನ್ನು ಕರೆಸಬೇಡಿ.

ಇನ್ನು ನಿಮ್ಮ ಬೀರು. ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಸುಲಭ, ಒಂದಕ್ಕೆ ಹತ್ತು ನಿಮಿಷವೂ ಹಿಡಿಯದು. ಎಂ.ಪಿ.3 ಬೇಡ, ಫ್ಲ್ಯಾಕ್ ಎಂಬ ಬಗೆಯಲ್ಲಿ ಇಳಿಸಲು ಹೇಳಿ. ಎಂ.ಪಿ.3 ನಮ್ಮ ಕಿವಿಗೆ ಬೇಡವೆಂದು ತನಗೆ ತೋರಿದ್ದನ್ನು ಬಿಸಾಡಿ ಫೈಲನ್ನು ಸಣ್ಣದು ಮಾಡುತ್ತದೆ, ಬಿಸಾಡಿದ್ದು ಮತ್ತೆ ಬಾರದು. ಫ್ಲ್ಯಾಕ್ ಮಡಿಸಿಡುತ್ತದೆ ಅಷ್ಟೇ, ಬಿಚ್ಚಿದರೆ ಇದ್ದಹಾಗೇ ಇರುತ್ತದೆ. ನಿಮ್ಮ 200 ಚಿಲ್ಲರೆ ಸಿ.ಡಿ. 100 ಜಿ.ಬಿ.ಯೊಳಗೆ ಮುಗಿಯುತ್ತವೆ. ಆಮೇಲೆ ಡಬ್ಬಿಗಳನ್ನು ಬಿಟ್ಟು, ಡಿಸ್ಕು ಮತ್ತು ಒಳಗಿನ ಪುಸ್ತಿಕೆಯನ್ನು ಮಾತ್ರ ತೆಳು ಚೀಲಗಳಲ್ಲಿ ಹಾಕಿದರೆ ಒಂದು ಬೀರಿನ ಜಾಗ ಒಂದು ರಟ್ಟಿನ ಪೆಟ್ಟಿಗೆಗೆ ಇಳಿಯುತ್ತದೆ. ಪುಸ್ತಿಕೆ ಯಾಕೆ ಅಂದರೆ, ಕೊಳಲು ಯಾರದು, ತಬಲಾ ಯಾರದು ಅನ್ನುವುದು ಎಷ್ಟೋ ಸಲ ಅದರಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ. ಪ್ರತಿ ಇಟ್ಟುಕೊಂಡು ಮೂಲವನ್ನು ಮಾರಿಬಿಡೋಣ ಎಂಬ ಯೋಚನೆ ಬಂದರೆ, ಬೇಡ ಅನ್ನುತ್ತೇನೆ. ಅದು ಸಾಚಾ ವ್ಯವಹಾರವಲ್ಲ. ಡಿ.ವಿ.ಡಿ.ಗಳಲ್ಲಿ ಮತ್ತೆ ನೋಡುತ್ತೇನೆ ಅನ್ನಿಸಿದ್ದನ್ನು ಇಟ್ಟುಕೊಳ್ಳಿ, ಉಳಿದದ್ದು ಯಾರಿಗಾದರೂ ಕೊಡಿ. ಪುಸ್ತಕದ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಬೇಡಿ, ನಾನು ಪಕ್ಷಪಾತಿ. ಅಂಚಿನಲ್ಲಿ ಯಾರಾದರೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರೆ ಅದು ಇರಲಿ ಎಂದಷ್ಟೇ ಹೇಳುತ್ತೇನೆ.

ಆಲ್ಬಂಗಳನ್ನು ಸ್ಕ್ಯಾನ್ ಮಾಡಿಸಿ, ಆದರೆ ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಹೆಸರು, ತಾರೀಖು ಇರುವುದು ಅಲ್ಲಿಯೇ. ಅಂಟಿನ ಹಾಳೆಯಿಂದ ಬಾರದ ಫೋಟೋವನ್ನು ಕಿತ್ತು ತೆಗೆಯಲು ಹೋಗಬೇಡಿ, ಹಾಳೆಯ ಸಮೇತ ಮಾಡಿಸಿ.

ಕ್ಯಾಸೆಟ್ಟುಗಳ ವಿಷಯದಲ್ಲಿ ನಿಮ್ಮ ಮಗನ ಭಾನುವಾರದ ಲೆಕ್ಕ ತಪ್ಪು. ಟೇಪು ಓಡಿದಷ್ಟು ಹೊತ್ತೂ ರೆಕಾರ್ಡಿಂಗ್ ನಡೆಯಬೇಕು. 90 ನಿಮಿಷದ್ದಕ್ಕೆ 90 ನಿಮಿಷ. 260 ಅಂದರೆ 300 ಗಂಟೆ ದಾಟುತ್ತದೆ. ಎಲ್ಲವನ್ನೂ ಮಾಡುವ ಅಗತ್ಯವೂ ಇಲ್ಲ, ಅವುಗಳಲ್ಲಿ ಬಹಳಷ್ಟು ಬೇರೆ ಕಡೆ ಚೆನ್ನಾದ ದನಿಯಲ್ಲೇ ಸಿಗುತ್ತವೆ. ನಿಮಗೆ ಬೇಕಾದದ್ದು ತಂದೆಯವರದು. ಅದನ್ನು ಹುಡುಕುವ ಬಗೆ ಹೇಳುತ್ತೇನೆ.

ಎಲ್ಲ ಕ್ಯಾಸೆಟ್ಟುಗಳನ್ನೂ ಮೇಜಿನ ಮೇಲೆ ಸುರಿದುಕೊಳ್ಳಿ. ಕೈಬರಹದ ಚೀಟಿ ಇರುವವು, ಚೀಟಿಯೇ ಇಲ್ಲದವು ಒಂದು ಕಡೆ. ಆಮೇಲೆ ಉಳಿದ ಹಾಡಿನ ಕ್ಯಾಸೆಟ್ಟುಗಳ ಮೇಲಂಚು ನೋಡುತ್ತಾ ಹೋಗಿ. ಎಡಕ್ಕೊಂದು ಬಲಕ್ಕೊಂದು ಚೌಕದ ತೂತು ಇರುತ್ತದೆ. ಕಂಪನಿಯವರು ಬೇಕೆಂದೇ ಹಾಗೆ ಬಿಡುತ್ತಿದ್ದರು, ತೂತಿದ್ದರೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಆ ತೂತಿಗೆ ಯಾರಾದರೂ ಸೆಲ್ಲೋಟೇಪ್ ಅಂಟಿಸಿದ್ದರೆ, ಕಾಗದ ತುರುಕಿದ್ದರೆ, ಹೊರಗೆ ಏನೇ ಹೆಸರಿರಲಿ, ಒಳಗೆ ಬೇರೇನೋ ಇದೆ ಎಂದರ್ಥ. ನಮ್ಮಜ್ಜನ ದನಿ ನನಗೆ ಸಿಕ್ಕಿದ್ದು ಹೀಗೆಯೇ, ಸಿನಿಮಾ ಹಾಡಿನ ಒಂದು ಕ್ಯಾಸೆಟ್ಟಿನಲ್ಲಿ. ಹಾಡು ಚರಣದ ನಡುವೆ ಕಟ್ಟಾಯಿತು, ಒಂದು ಟಕ್ ಸದ್ದು, "ಕೆಂಪು ಗುಂಡಿ ಒತ್ತಿದ್ಯೇನೋ? ಎರಡೂ ಒಟ್ಟಿಗೆ ಒತ್ಬೇಕು" ಎಂದು ನಮ್ಮಪ್ಪ. ಆಮೇಲೆ ಅಜ್ಜ ಕೆಮ್ಮಿ, "ಏನು ಹೇಳ್ಬೇಕೀಗ?" ಅಂದರು. ಗೋಡೆ ಗಡಿಯಾರ ಏಳು ಹೊಡೆಯಿತು. ಹನ್ನೊಂದು ನಿಮಿಷ. ಮತ್ತೆ ಟಕ್, ಬೇರೊಂದು ಹಾಡಿನ ಕೊನೆಯ ಸಾಲು.

ಸಿಕ್ಕ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಕಿಂಡಿಯಲ್ಲಿ ನೋಡಿ. ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟಿದ್ದರೆ ಹಾಕಬೇಡಿ, ತಿಳಿದವರ ಕೈಗೆ ಕೊಡಿ. ಕೆಳಂಚಿನ ನಡುವೆ ಪುಟ್ಟ ಬಟ್ಟೆಯ ಮೆತ್ತೆ ಇದೆಯೇ ನೋಡಿ. ಅಂಟು ಒಣಗಿ ಅದು ಉದುರಿದ್ದರೆ ದನಿ ಮಂಕಾಗಿ ಕೇಳುತ್ತದೆ, ಟೇಪು ಹಾಳಾಗಿದೆ ಎಂದು ಮೋಸಹೋಗುತ್ತೇವೆ. ಪ್ಲೇಯರಿನಲ್ಲಿ ಟೇಪು ತಾಗಿ ಓಡುವ ಹೆಡ್ಡನ್ನು ಮೊದಲು ಸ್ಪಿರಿಟ್ಟಿನಲ್ಲಿ ಒರೆಸಿ, ಬೇರೊಂದು ಕ್ಯಾಸೆಟ್ ಹಾಕಿ ಅದು ಟೇಪು ನುಂಗುವ ಯಂತ್ರವಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ತಂದೆಯವರದನ್ನು ಹಾಕುವ ಮೊದಲೇ ಆ ಸೆಲ್ಲೋಟೇಪ್ ಕಿತ್ತುಬಿಡಿ. ತೂತಿನ ಬದಲು ಪ್ಲಾಸ್ಟಿಕ್ಕಿನ ನಾಲಗೆ ಇದ್ದರೆ ಎರಡನ್ನೂ ಮುರಿದುಹಾಕಿ. ಕೆಂಪು ಗುಂಡಿ ಈಗಲೂ ಪ್ಲೇ ಗುಂಡಿಯ ಪಕ್ಕದಲ್ಲೇ ಇರುತ್ತದೆ.

— ಸಂ.