ಮುರುಗಲು ಬಾಟಲಿ ಹಿಡಿದು ಯಾವ ಬಾಗಿಲು ತಟ್ಟಬೇಕು?

ಈ ಸಲ ಬಂದ ಮೂರು ಪತ್ರಗಳು ಹೆಚ್ಚುಕಡಿಮೆ ಒಂದೇ ವಿಷಯ ಕೇಳುತ್ತಿವೆ. ದೇಶದ ದೊಡ್ಡ ವಿಜ್ಞಾನ ಸಂಸ್ಥೆಗಳಿಂದ ನಮ್ಮ ಜಿಲ್ಲೆಯವರು ಕೆಲಸ ಮಾಡಿಸಿಕೊಳ್ಳುವುದು ಹೇಗೆ? ನಾನು ಅಂಥ ಒಂದು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದವಳು. ಹಾಗಾಗಿ ಮೊದಲ ಉತ್ತರ ಸ್ವಲ್ಪ ಉದ್ದವಾಯಿತು.

ಪ್ರಶ್ನೆ: ನಮ್ಮ ಮಹಿಳಾ ಸಂಘದಿಂದ ಮುರುಗಲು (ಕೋಕಂ) ಹಣ್ಣಿನ ಸಿರಪ್ ಮಾಡಿ ಮಾರುತ್ತೇವೆ. ಮಾಡಿದಾಗ ಚೆಂದ ಕೆಂಪು ಇರುತ್ತದೆ. ಮೂರು ತಿಂಗಳು ಕಳೆಯುವುದರೊಳಗೆ ಕಂದು ಬಣ್ಣಕ್ಕೆ ತಿರುಗಿ, ಅಂಗಡಿಯವರು ವಾಪಸ್ ಕೊಡುತ್ತಾರೆ. ಸಿಎಸ್‌ಐಆರ್ ಎಂಬ ಕೇಂದ್ರದ ಸಂಸ್ಥೆಗೆ ಬರೆಯಿರಿ ಎಂದು ಒಬ್ಬರು ಹೇಳಿದರು. ದೆಹಲಿಯವರು ನಮ್ಮಂಥವರ ಮಾತು ಕೇಳುತ್ತಾರಾ ಮೇಡಂ?
– ಸಂಘದ ಸದಸ್ಯೆ, ಶಿರಸಿ ತಾಲೂಕು

ಉತ್ತರ: ಕೇಳುತ್ತಾರೆ. ಆದರೆ ನೀವು ಬರೆಯಬೇಕಾದದ್ದು ದೆಹಲಿಗಲ್ಲ, ಮೈಸೂರಿಗೆ.

ಸಿಎಸ್‌ಐಆರ್ ಅಂದರೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು. ಶುರುವಾದದ್ದು 1942ರಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ. ಶಾಂತಿ ಸ್ವರೂಪ್ ಭಟ್ನಾಗರ್ ಮೊದಲ ನಿರ್ದೇಶಕರು. ಪ್ರಧಾನಿಯೇ ಇದರ ಅಧ್ಯಕ್ಷರು. ದೆಹಲಿಯ ಕಚೇರಿ ಹಣ, ಯೋಜನೆ, ಹೊಂದಾಣಿಕೆ ನೋಡಿಕೊಳ್ಳುತ್ತದೆ. ನಿಜವಾದ ಕೆಲಸ ನಡೆಯುವುದು ದೇಶದ ಬೇರೆ ಬೇರೆ ಊರುಗಳಲ್ಲಿರುವ 37 ಪ್ರಯೋಗಾಲಯಗಳಲ್ಲಿ. ವಿಮಾನದ ಕೆಲಸ ಬೆಂಗಳೂರಿನಲ್ಲಿ, ಸಮುದ್ರದ್ದು ಗೋವಾದಲ್ಲಿ, ಆಹಾರದ್ದು ಮೈಸೂರಿನಲ್ಲಿ. ಆ ಮೈಸೂರಿನದೇ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ. ಅದು 1950ರಿಂದ ಚೆಲುವಾಂಬ ಮಹಲಿನಲ್ಲಿದೆ.

ಈ ಪ್ರಯೋಗಾಲಯಗಳು ಸಾಮಾನು ತಯಾರಿಸಿ ಮಾರುವುದಿಲ್ಲ. ಮಾಡುವ ವಿಧಾನ ಹುಡುಕುತ್ತವೆ, ಆಮೇಲೆ ತಯಾರಕರಿಗೆ ಕೊಡುತ್ತವೆ. ಮತ ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿಯನ್ನೇ ನೋಡಿ. ಅದರ ಸೂತ್ರ ಬಂದದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಿಂದ. 1962ರ ಚುನಾವಣೆಗೆ ತಯಾರಿಸಿಕೊಟ್ಟದ್ದು ಮೈಸೂರಿನ ಬಣ್ಣದ ಕಾರ್ಖಾನೆ. ಎಮ್ಮೆ ಹಾಲಿನಿಂದ ಮಕ್ಕಳ ಹಾಲಿನ ಪುಡಿ ಮಾಡುವ ವಿಧಾನ ಸಿಎಫ್‌ಟಿಆರ್‌ಐಯದ್ದು, ಡಬ್ಬಿಗೆ ತುಂಬಿ ಮನೆಮನೆಗೆ ಮುಟ್ಟಿಸಿದ್ದು ಅಮುಲ್. ನಿಮ್ಮ ಸಂಘವೂ ಹಾಗೆ ಒಬ್ಬ ತಯಾರಕರೇ. ಚಿಕ್ಕವರು ಅಂತ ಹಿಂಜರಿಯುವ ಅಗತ್ಯ ಇಲ್ಲ.

ಅಲ್ಲಿ ಸಿಗುವುದು ಮುಖ್ಯವಾಗಿ ಮೂರು: ಶುಲ್ಕ ಕೊಟ್ಟರೆ ಮಾದರಿಯ ಪರೀಕ್ಷೆ, ಕೆಲವು ದಿನಗಳ ತರಬೇತಿ, ಸಿದ್ಧ ವಿಧಾನ ಬೇಕಿದ್ದರೆ ಅದರ ಪರವಾನಗಿ. ಮೂರೂ ನಿಮಗೆ ಬೇಕಾಗಲಿಕ್ಕಿಲ್ಲ. ಬಾಟಲಿ ಕಳಿಸುವ ಮೊದಲು ಪತ್ರ ಬರೆದು ಯಾವ ಪರೀಕ್ಷೆ, ಎಷ್ಟು ಶುಲ್ಕ, ಎಷ್ಟು ಮಾದರಿ ಎಂದು ಕೇಳಿಕೊಳ್ಳಿ.

ಇಲ್ಲಿ ಒಂದು ಘಟನೆ ಹೇಳಲೇಬೇಕು. ಒಮ್ಮೆ ನನ್ನ ಮೇಜಿಗೆ ಘಟ್ಟದ ಮೇಲಿನ ಒಂದು ಮನೆಯಿಂದ ಎರಡು ಬಾಟಲಿ ಬಂದವು. ಜೊತೆಗೆ ಒಂದೇ ಸಾಲಿನ ಚೀಟಿ: "ಜ್ಯೂಸ್ ಕೆಡುತ್ತದೆ, ಪರಿಹಾರ ತಿಳಿಸಿ." ಯಾವತ್ತು ಮಾಡಿದ್ದು, ಸಕ್ಕರೆ ಎಷ್ಟು, ಯಾವ ಪಾತ್ರೆ, ಎಲ್ಲಿಟ್ಟಿದ್ದರು, ಏನೂ ಇರಲಿಲ್ಲ. ನಾವು ಮತ್ತೆ ಬರೆದು ಕೇಳಿ, ಅವರ ಉತ್ತರ ಬರುವಷ್ಟರಲ್ಲಿ ಮಳೆ ಹಿಡಿದು ಹಣ್ಣಿನ ಕಾಲ ಮುಗಿದಿತ್ತು. ಆ ಮನೆಯವರ ಒಂದು ವರ್ಷ ಹಾಗೆಯೇ ಹೋಯಿತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ನಾವೂ ಮೊದಲೇ ಒಂದು ಫೋನ್ ಮಾಡಿ ಕೇಳಬಹುದಿತ್ತು.

ಹಾಗಾಗಿ ಬರೆಯುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮುರುಗಲಿನ ಕೆಂಪು ಬಣ್ಣಕ್ಕೆ ಆಂಥೋಸಯನಿನ್ ಎನ್ನುತ್ತಾರೆ. ಅದಕ್ಕೆ ಹುಳಿ ಅಂದರೆ ಇಷ್ಟ. ಬೆಳಕು, ಬಿಸಿ, ಗಾಳಿ ಮೂರೂ ಆಗುವುದಿಲ್ಲ. ಕಬ್ಬಿಣ ತಗುಲಿದರೆ ಕಪ್ಪಾಗುತ್ತದೆ. ಹಿಂಡಾಲಿಯಂ ಪಾತ್ರೆಯನ್ನು ಹುಳಿ ಕೊರೆಯುತ್ತದೆ, ಅದರಲ್ಲಿ ಕುದಿಸಲೇಬೇಡಿ. ಸ್ಟೀಲ್ ಒಳ್ಳೆಯದು.

ಒಂದೇ ದಿನ, ಒಂದೇ ಪಾತ್ರೆಯಲ್ಲಿ ಮಾಡಿದ ಸಿರಪ್ಪನ್ನು ನಾಲ್ಕು ಬಾಟಲಿಗೆ ತುಂಬಿ. ಒಂದನ್ನು ಕಿಟಕಿಯ ಹತ್ತಿರ ಇಡಿ. ಒಂದನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಡಿ. ಮೂರನೆಯದನ್ನು ಅರ್ಧ ಮಾತ್ರ ತುಂಬಿ ಅದೇ ಡಬ್ಬಿಯಲ್ಲಿಡಿ. ನಾಲ್ಕನೆಯದನ್ನು ಒಲೆಯ ಪಕ್ಕದ ಕಪಾಟಿನ ಕತ್ತಲೆಯಲ್ಲಿಡಿ. ಹದಿನೈದು ದಿನಕ್ಕೊಮ್ಮೆ ನಾಲ್ಕನ್ನೂ ಬಿಳಿ ಹಾಳೆಯ ಮುಂದೆ ಸಾಲಾಗಿಟ್ಟು ಫೋಟೋ ತೆಗೆಯಿರಿ. ನಮ್ಮ ಅಕ್ಕನ ಮನೆಯಲ್ಲಿ ಹೀಗೆ ಮಾಡಿದಾಗ ಎರಡೇ ತಿಂಗಳಿಗೆ ಕಿಟಕಿಯದು ಹಳೇ ಬೆಲ್ಲದ ಪಾಕದ ಹಾಗಾಗಿತ್ತು. ಅಕ್ಕಿಯೊಳಗಿನದನ್ನು ಎತ್ತಿ ಬೆಳಕಿಗೆ ಹಿಡಿದರೆ ಇನ್ನೂ ದಾಸವಾಳದ ಕೆಂಪು. ಅಕ್ಕ ಅದನ್ನು ಕೆಳಗಿಡಲೇ ಇಲ್ಲ, ಅಕ್ಕಪಕ್ಕದ ಮನೆಗೆಲ್ಲ ಒಯ್ದು ತೋರಿಸಿದಳು.

ನಿಮ್ಮಲ್ಲೂ ಹಾಗೇ ಆದರೆ ಅರ್ಧ ಸಮಸ್ಯೆ ಅಂಗಡಿಯ ಕಪಾಟಿನಲ್ಲಿದೆ. ರಟ್ಟಿನ ಪೆಟ್ಟಿಗೆ ಅಥವಾ ಕಂದು ಗಾಜಿನ ಬಾಟಲಿ ಸಾಕಾಗಬಹುದು. ಆಮೇಲೂ ಉಳಿದ ಪ್ರಶ್ನೆಯನ್ನು ಫೋಟೋ, ದಿನಾಂಕ, ಅಳತೆ ಸಮೇತ ಮೈಸೂರಿಗೆ ಬರೆಯಿರಿ. ಅಂಥ ಪತ್ರ ಕೈಗೆ ಬಂದರೆ ಯಾವ ವಿಜ್ಞಾನಿಯೂ ಬದಿಗಿಡುವುದಿಲ್ಲ.

ಪ್ರಶ್ನೆ: ಕಾರವಾರದಲ್ಲಿ ಮೀನಿನ ಸಂಶೋಧನಾ ಕೇಂದ್ರ ಇದೆ. ಗೋವಾದಲ್ಲಿ ಸಮುದ್ರ ವಿಜ್ಞಾನದವರು ಇದ್ದಾರೆ. ಮೀನು ಎಲ್ಲಿದೆ ಎಂಬ ಮಾಹಿತಿ ಬರುವುದು ಹೈದರಾಬಾದಿನಿಂದ. ಸಮುದ್ರ ಒಂದೇ ಅಲ್ವಾ? ಕಚೇರಿ ಯಾಕೆ ಮೂರು?
– ದೋಣಿ ಮಾಲೀಕರು, ಅಂಕೋಲಾ

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಮೂರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಅಗತ್ಯಕ್ಕೆ ಹುಟ್ಟಿದವು. ಕಾರವಾರದ ಕೇಂದ್ರ ಸಿಎಂಎಫ್‌ಆರ್‌ಐ ಎಂಬ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯದ್ದು, ಅಂದರೆ ಕೃಷಿ ಸಂಶೋಧನಾ ಪರಿಷತ್ತಿನ ಕೈಕೆಳಗಿನದು. ಮೀನಿನ ಸಂತತಿ, ಸಮುದ್ರದ ಪಂಜರದಲ್ಲಿ ಮೀನು ಸಾಕುವುದು ಅವರ ವಿಷಯ. ಗೋವಾದ ಎನ್‌ಐಓ, ಅಂದರೆ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಶುರುವಾದದ್ದು 1966ರಲ್ಲಿ, ಹಿಂದೂ ಮಹಾಸಾಗರದ ದೊಡ್ಡ ಅಂತರರಾಷ್ಟ್ರೀಯ ಶೋಧಯಾತ್ರೆ ಮುಗಿದ ಬೆನ್ನಿಗೆ. ಅದು ಸಿಎಸ್‌ಐಆರ್ ಪ್ರಯೋಗಾಲಯ. ನೀರು, ಪ್ರವಾಹ, ಸಮುದ್ರದ ತಳ ಅವರದು. ನಿಮಗೆ ಮೀನಿನ ಮಾಹಿತಿ ಕಳಿಸುವ ಹೈದರಾಬಾದಿನ ಇನ್‌ಕಾಯ್ಸ್ (ಸಾಗರ ಮಾಹಿತಿ ಸೇವೆಯ ಕೇಂದ್ರ) 1999ರದ್ದು, ಭೂ ವಿಜ್ಞಾನ ಸಚಿವಾಲಯಕ್ಕೆ ಸೇರಿದ್ದು.

ಇನ್‌ಕಾಯ್ಸ್‌ನವರಿಗೆ ಉಪಗ್ರಹದಲ್ಲಿ ಮೀನು ಕಾಣುವುದಿಲ್ಲ. ಕಾಣುವುದು ನೀರಿನ ಮೇಲ್ಮೈ ಬಿಸಿ ಮತ್ತು ನೀರಿನ ಹಸಿರು. ತಣ್ಣೀರು, ಬಿಸಿನೀರು ಸೇರುವ ಗೆರೆಯಲ್ಲಿ ಮೀನಿನ ಆಹಾರ ಬೆಳೆಯುತ್ತದೆ, ಅಲ್ಲಿ ಮೀನು ಕೂಡುತ್ತದೆ. ಆ ಜಾಗ ನಿಮ್ಮ ಬಂದರಿನಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಆಳ ಎಂದು ತಿಳಿಸುತ್ತಾರೆ. ಮೋಡ ಕವಿದರೆ ಮಾಹಿತಿ ಬರದೆ ಇರುವುದು ಇದೇ ಕಾರಣಕ್ಕೆ.

ಇವೆಲ್ಲವನ್ನೂ ಒಂದು ದಾರಿಗೆ ತರಲು ದೆಹಲಿಯಲ್ಲಿ ಪ್ರಯತ್ನಗಳು ಆಗಿವೆ. 1971ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಬಂತು. 2023ರ ಕಾಯ್ದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂತು. ಸಂಶೋಧನೆಗೆ ಹಣ ಮತ್ತು ದಿಕ್ಕು ಕೊಡುವುದು ಅದರ ಕೆಲಸ. ಮೂರು ಸಂಸ್ಥೆಗಳನ್ನು ಒಂದು ಮಾಡಬೇಕು ಅಂತ ನನಗೆ ಅನಿಸುವುದಿಲ್ಲ. ಆದರೆ ಬೆಲೆಕೇರಿಯ ದಡದಲ್ಲಿ ನಿಂತವರಿಗೆ ಯಾರನ್ನು ಕೇಳಬೇಕು ಎಂದು ಹೇಳುವ ಒಬ್ಬ ಮನುಷ್ಯ ಬೇಕು. ಆ ಜಾಗ ಇವತ್ತಿಗೂ ಖಾಲಿ ಇದೆ ಎಂಬುದು ನನ್ನ ನೋವು. ಸದ್ಯಕ್ಕೆ ಕಾರವಾರದ ಕೇಂದ್ರದಿಂದಲೇ ಶುರು ಮಾಡಿ, ಅದು ಹತ್ತಿರ. ಬಲೆಗೆ ಬಿದ್ದ ಮೀನು, ದಿನ, ಆಳ ಬರೆದ ಪುಸ್ತಕವಿದ್ದರೆ ತಪ್ಪದೆ ಒಯ್ಯಿರಿ. ನಿಮಗೆ ಲೆಕ್ಕದ ಪುಸ್ತಕ, ಅವರಿಗೆ ಅದು ಚಿನ್ನ.

ಪ್ರಶ್ನೆ: ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು ಸಿಗುತ್ತಿಲ್ಲ ಎಂದು ದೋಟಿಯ ತುದಿಗೆ ನಾನೇ ಒಂದು ಕತ್ತಿ, ಹಿಡಿಕೆ ಜೋಡಿಸಿದ್ದೇನೆ. ಅಡಿಕೆ ಕೊನೆ ಕೆಳಗೆ ಬಿದ್ದು ಉದುರುವುದಿಲ್ಲ. ಓದಿದ್ದು ಏಳನೇ ಕ್ಲಾಸು. ವಿಡಿಯೋ ಮಾಡಿ ಹಾಕಲಾ?
– ಅಡಿಕೆ ಬೆಳೆಗಾರ, ಸಿದ್ದಾಪುರ

ಉತ್ತರ: ದಯವಿಟ್ಟು ಈಗಲೇ ಹಾಕಬೇಡಿ. ಪೇಟೆಂಟ್ ಅರ್ಜಿಗೆ ಮೊದಲೇ ಎಲ್ಲರಿಗೂ ತೋರಿಸಿದರೆ ಅದು ಹೊಸದಲ್ಲ ಎಂದು ಅರ್ಜಿ ಬಿದ್ದುಹೋಗಬಹುದು. ಗಾಂಧಿನಗರದಲ್ಲಿ ನ್ಯಾಷನಲ್ ಇನ್ನೋವೇಶನ್ ಫೌಂಡೇಶನ್ ಇದೆ. 2000ದಲ್ಲಿ ಶುರುವಾದ ಇದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಸ್ವಾಯತ್ತ ಸಂಸ್ಥೆ. ದೊಡ್ಡ ಓದು ಇಲ್ಲದೆ ಸ್ವಂತ ಬುದ್ಧಿಯಿಂದ ಏನಾದರೂ ಮಾಡಿದವರಿಗಾಗಿಯೇ ಇರುವುದು. ಅವರಿಗೆ ಬರೆಯಿರಿ. ನಿಮ್ಮ ಓದು ಏಳನೇ ಕ್ಲಾಸು ಎಂಬುದನ್ನೂ ಪತ್ರದಲ್ಲಿ ಸೇರಿಸಿ. ದೋಟಿಯ ಉದ್ದ, ಕತ್ತಿಯ ತೂಕ, ಗಂಟೆಗೆ ಎಷ್ಟು ಮರದ ಕೊನೆ ಇಳಿಸಿದಿರಿ ಎಂಬುದನ್ನು ಈ ಕೊಯ್ಲಿನಲ್ಲೇ ಬರೆದಿಟ್ಟುಕೊಳ್ಳಿ. ಉದುರಿದ ಅಡಿಕೆ ಎಷ್ಟು ಎಂದೂ ಎಣಿಸಿ.